ಡಬ್ಬ ಎಮ್ರಿಸ್‌ನ ಹಕ್ಕಿ

ಎಮ್ರಿಸ್: ಬಿಳಿ ಮಚ್ಚೆ ಇದೆ ಅಂದ್ರೆ ಇದೆ. ಪಕ್ಕೆಯ ಹಿಂಭಾಗದಲ್ಲಿ, ನೀರಿಗೆ ತಾಗೋ ಹಾಗೆ. ನೋಡು ಮಾರಾಯ, ಮುಳುಗೋಕೆ ಮುಂಚೆ ನೋಡು.

ಗ್ವಿಲಿಮ್: ನೋಡ್ದೆ. ದಪ್ಪ ಕೊಕ್ಕು, ಉಬ್ಬಿದ ಹಣೆ. ದೊಡ್ಡ ಮುಳುಗ ಹಕ್ಕಿ. ಪ್ರತಿ ಚಳಿಗಾಲಕ್ಕೂ ಒಂದು ಬರುತ್ತೆ, ಮೀನು ತಿನ್ನುತ್ತೆ, ಹೋಗುತ್ತೆ. ಅದಕ್ಕೆ ಇಷ್ಟು ಗಲಾಟೆ ಬೇಡ.

ಎಮ್ರಿಸ್: ಎಲ್ಲಿ ನೋಡ್ದೆ ನೀನು? ಕನ್ನಡಕ ಒರೆಸ್ತಾ ಕೂತಿದ್ದೆ.

ಗ್ವಿಲಿಮ್: ಒರೆಸೋಕೆ ಮುಂಚೆ ನೋಡ್ದೆ.

ಎಮ್ರಿಸ್: ಒರೆಸೋಕೆ ಮುಂಚೆ ಕನ್ನಡಕದ ತುಂಬಾ ಮಂಜು ಕಟ್ಟಿತ್ತು. ಅದಕ್ಕೇ ತಾನೆ ಒರೆಸಿದ್ದು?

ಗ್ವಿಲಿಮ್: ಊರಲ್ಲಿ ನನ್ನನ್ನ ಕಣ್ಣು ಗ್ವಿಲಿಮ್ ಅಂತ ಸುಮ್ಮಸುಮ್ಮನೆ ಕರೀತಾರಾ? ಅಡುಗೆಮನೆ ಕಿಟಕೀಲಿ ನಿಂತು, ಎದುರು ಗುಡ್ಡದ ಮೇಲೆ ನನ್ನ ಕುರಿ ಯಾವುದು, ಪಕ್ಕದವನ ಕುರಿ ಯಾವುದು ಅಂತ ಹೇಳ್ತೀನಿ.

ಎಮ್ರಿಸ್: ನಿನ್ನ ಕುರಿ ಮೈಮೇಲೆ ಆನೆ ಗಾತ್ರದ ಅಕ್ಷರ ಬಳಿದಿರ್ತೀಯ. ಕುರಿ, ಗೇಟು, ಬಕೆಟ್ಟು, ಕೈಗೆ ಸಿಕ್ಕಿದ್ದಕ್ಕೆಲ್ಲ ಹೆಸರು ಬಳಿಯೋನು ನೀನು. ನಿನ್ನ ಹೆಂಡತೀನ ಬಿಟ್ಟಿದ್ದೀಯಲ್ಲ, ಅದೇ ದೊಡ್ಡದು.

ಗ್ವಿಲಿಮ್: ಬ್ರಾನ್ವೆನ್ ಸುಮ್ನೆ ನಿಲ್ಲಲ್ಲ ಕಣೋ.

ಗ್ವಿಲಿಮ್ ಕನ್ನಡಕ ಏರಿಸಿಕೊಂಡು ದುರ್ಬೀನಿಗೆ ಕಣ್ಣಿಡುವಷ್ಟರಲ್ಲಿ ಹಕ್ಕಿ ಮುಳುಗಿತು. ಮಧ್ಯಾಹ್ನದಿಂದ ಇದೇ ಕತೆ. ವೇಲ್ಸ್ ಗುಡ್ಡಗಳ ನಡುವಿನ ಲಿನ್ ಗ್ವೆರ್ನ್ ಜಲಾಶಯ, ಜನವರಿಯ ಗಾಳಿ, ದಂಡೆಯ ಮೇಲೆ ಹಕ್ಕಿ ನೋಡಲೆಂದೇ ಕಟ್ಟಿದ ಮರದ ಗೂಡು, ಅದರೊಳಗೆ ಒಂದೇ ಬೆಂಚಿನ ಮೇಲೆ ಒಂದೇ ಬಣ್ಣದ ಟೋಪಿ ಹಾಕಿದ ಇಬ್ಬರು ಮುದುಕರು. ಮುಳುಗಿದ ಹಕ್ಕಿ ಎಲ್ಲಿ ಏಳುತ್ತದೋ ಆ ದೇವರಿಗೇ ಗೊತ್ತು. ಎಮ್ರಿಸ್ ನೋಡಿದಾಗಲೆಲ್ಲ ಮಚ್ಚೆ ತೋರಿಸುತ್ತದೆ, ಗ್ವಿಲಿಮ್ ಬಗ್ಗಿದಾಗಲೆಲ್ಲ ಬರೀ ನೀರು ತೋರಿಸುತ್ತದೆ. ಹಕ್ಕಿಗೂ ತನ್ನ ಮೇಲೆ ಹಗೆ ಇರಬಹುದೆಂದು ಎಮ್ರಿಸ್‌ಗೆ ಅನ್ನಿಸತೊಡಗಿತ್ತು.

ಎಮ್ರಿಸ್: ನೋಡು ಗ್ವಿಲಿಮ್, ಕರಿಗೊರಳ ಮುಳುಗ ಈ ನೀರಿಗೆ ಬಂದಿದ್ದನ್ನ ನಮ್ಮಪ್ಪ ಕೂಡ ನೋಡಿಲ್ಲ. ಅದು ಸಮುದ್ರ ಬಿಟ್ಟು ಬರೋದೇ ಅಪರೂಪ. ನೀನು ಹೌದು ಅಂದ್ರೆ ಊರು ಹೌದು ಅನ್ನುತ್ತೆ. ಒಂದೇ ಒಂದು ಮಾತು.

ಗ್ವಿಲಿಮ್: ಹೋದ ವರ್ಷಾನೂ ಹಿಂಗೇ ಅಂದೆ.

ಎಮ್ರಿಸ್ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡ.

ಅವರ ಊರಿನಲ್ಲಿ ಅರ್ಧ ಜನ ಜೋನ್ಸ್, ಉಳಿದರ್ಧ ಎವಾನ್ಸ್, ಅಲ್ಲಲ್ಲಿ ಒಬ್ಬ ಪ್ಯಾರಿ. ಹೆಸರು ಕೂಗಿದರೆ ಬೀದಿಯೆಲ್ಲ ತಿರುಗಿ ನೋಡುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು, ಅದು ಅಂಟಿತೆಂದರೆ ಸಮಾಧಿ ಕಲ್ಲಿನವರೆಗೂ ಬರುತ್ತದೆ. ಪ್ರಾರ್ಥನಾ ಮಂದಿರದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಎಮ್ರಿಸ್ ಜೋನ್ಸ್ ತನ್ನ ಆಯುಷ್ಯವೆಲ್ಲ ಗಡಿಯಾರ ಎಮ್ರಿಸ್ ಆಗಿದ್ದ. ಹೋದ ಚಳಿಗಾಲ ಕರಿಗೊರಳ ಮುಳುಗವೊಂದು ನೀರ ಮೇಲೆ ನಿದ್ದೆ ಮಾಡುತ್ತಿದೆಯೆಂದು ಹಿಮದಲ್ಲಿ ಇಡೀ ಊರನ್ನು ಕರೆಸಿದ. ಗ್ವಿಲಿಮ್ ದುರ್ಬೀನಿನಲ್ಲಿ ನೋಡಿ, "ಬಿಳಿ ಮಚ್ಚೆ ಎಲ್ಲಿ? ಇದು ಡಬ್ಬ ಕಣ್ರಪ್ಪ, ಕರಿ ಪ್ಲಾಸ್ಟಿಕ್ ಡಬ್ಬ" ಎಂದ. ಆ ಡಬ್ಬವನ್ನು ಯಾರೂ ಹತ್ತಿರದಿಂದ ನೋಡುವ ಮೊದಲೇ ಗಾಳಿ ಅದನ್ನು ಜೊಂಡಿನೊಳಕ್ಕೆ ತಳ್ಳಿತು. ಆದರೆ ಹೆಸರು ಉಳಿಯಿತು. ಅಂದಿನಿಂದ ಅವನು ಡಬ್ಬ ಎಮ್ರಿಸ್.

ಗೂಡಿನ ಬಾಗಿಲು ದಬ್ಬೆಂದು ತೆರೆಯಿತು. ಎಮ್ರಿಸ್‌ನ ಹೆಂಡತಿ ಮೇರ್ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಫ್ಲಾಸ್ಕು ಹಿಡಿದು ಒಳಗೆ ಬಂದಳು.

ಮೇರ್: ಹೌದು ಅಂದ್ನಾ?

ಎಮ್ರಿಸ್: ಇನ್ನೂ ಇಲ್ಲ.

ಮೇರ್: ಯಾಕೆ ಗ್ವಿಲಿಮ್, ಹೌದು ಅನ್ನೋಕೆ ನಿನ್ನ ಗಂಟು ಹೋಗುತ್ತಾ?

ಗ್ವಿಲಿಮ್: ನೋಡದೆ ಹೆಂಗೆ ಹೇಳ್ಲಿ ಮೇರ್?

ಮೇರ್: ಹೆಸರು ಇಡೋವಾಗ ಮಾತ್ರ ಎಷ್ಟು ಬೇಗ ಬಾಯಿ ಬಂತು. ಇವನಿಗೆ ಇಟ್ಟಿದ್ದು ಹಾಳಾಗ್ಲಿ. ಹೆಸರು ಹೆಂಡತಿಗೂ ಬರುತ್ತೆ ಅಂತ ಗೊತ್ತಿರಲಿಲ್ವಾ? ಮಂದಿರದಲ್ಲಿ ಆರ್ಗನ್ ನುಡಿಸ್ತಾ ನುಡಿಸ್ತಾ ಬೆರಳು ಸೊಟ್ಟಗಾಗಿದೆ ನನಗೆ. ಎಲ್ಲರೂ ಆರ್ಗನ್ ಮೇರ್ ಅಂತಿದ್ರು. ಈಗ ಏನಂತಾರೆ?

ಗ್ವಿಲಿಮ್: ನನಗೇನು ಗೊತ್ತು.

ಮೇರ್: ಡಬ್ಬ ಮೇರ್ ಅಂತಾರೆ. ಹೋದ ಭಾನುವಾರ ಪಾದ್ರಿಗಳು, "ಈಗ ಶ್ರೀಮತಿ ಡಬ್ಬ" ಅಂತ ಶುರು ಮಾಡಿ ಕೆಮ್ಮಿದ್ರು. ಮೊಮ್ಮಗು ಹುಟ್ಟಿ ಇನ್ನೂ ಕಣ್ಣು ಬಿಟ್ಟಿಲ್ಲ, ಅಂಗಡೀಲಿ ಓಲ್ವೆನ್ ಕೇಳ್ತಾಳೆ, ಡಬ್ಬಿ ಹೆಂಗಿದೆ ಅಂತ.

ಗ್ವಿಲಿಮ್ ನಗು ತಡೆಯಲು ಹೋಗಿ ಮೂಗಿನಿಂದ ಸದ್ದು ಮಾಡಿದ. ಮೇರ್ ಬುಟ್ಟಿಯ ಬಟ್ಟೆ ಸರಿಸಿ ಅವನ ಮೂಗಿನ ಕೆಳಗೆ ಹಿಡಿದಳು. ಕಾವಲಿಯ ಮೇಲೆ ಆಗತಾನೆ ಸುಟ್ಟ, ಒಣದ್ರಾಕ್ಷಿ ಹಾಕಿದ ಹಿಟ್ಟಿನ ಬಿಲ್ಲೆಗಳು, ಮೇಲೆ ಸಕ್ಕರೆ. ಗ್ವಿಲಿಮ್ ಕೈ ಚಾಚಿದ, ಅವಳು ಬುಟ್ಟಿ ಹಿಂದಕ್ಕೆಳೆದಳು.

ಮೇರ್: ಮೊದಲು ಹಕ್ಕಿ.

ಗ್ವಿಲಿಮ್: ಇದು ಲಂಚ.

ಮೇರ್: ಲಂಚ ಆಗಿದ್ರೆ ಕೊಟ್ಟುಬಿಡ್ತಿದ್ದೆ. ನೋಡೋದಕ್ಕೆ ಕೂಲಿ ಇದು. ಎಮ್ರಿಸ್, ಆ ಹಕ್ಕಿ ಹೆಸರೇನು ಅಂದೆ?

ಎಮ್ರಿಸ್: ಕರಿಗೊರಳ ಮುಳುಗ.

ಮೇರ್ ಬೈನಾಕ್ಯುಲರ್ ತೆಗೆದುಕೊಂಡು ನೀರನ್ನು ಜಾಲಾಡಿದಳು. ಅದೇ ಹೊತ್ತಿಗೆ ಹಕ್ಕಿ ದೂರದಲ್ಲಿ ಎದ್ದು, ತಲೆ ಕೊಡವಿ, ಮತ್ತೆ ಮುಳುಗಿತು.

ಮೇರ್: ಕೊರಳು ಬೆಳ್ಳಗಿದೆಯಲ್ಲೋ.

ಎಮ್ರಿಸ್: ಚಳಿಗಾಲದಲ್ಲಿ ಬೆಳ್ಳಗಾಗುತ್ತೆ.

ಮೇರ್: ಮತ್ತೆ ಇಲ್ಲಿಗೆ ಯಾವಾಗ ಬರುತ್ತೆ ಅದು?

ಎಮ್ರಿಸ್: ಬಂದ್ರೆ ಚಳಿಗಾಲದಲ್ಲೇ.

ಮೇರ್: ಅಂದ್ರೆ ನೀವು ನೋಡೋವಾಗೆಲ್ಲ ಬಿಳಿ ಕೊರಳು ಇರೋ ಹಕ್ಕಿಗೆ ಕರಿಗೊರಳ ಅಂತ ಹೆಸರು. ಹೆಸರು ಇಡೋ ಕೆಲಸ ಎಲ್ಲಾ ಕಡೆ ನಿಮ್ಮಂಥವರದೇ ಅಂತ ಕಾಣುತ್ತೆ.

ಗ್ವಿಲಿಮ್: ದೊಡ್ಡ ಮುಳುಗದ ಕೊರಳೂ ಬಿಳೀನೇ. ಬೆನ್ನು ಎರಡಕ್ಕೂ ಕಪ್ಪು. ಅದಕ್ಕೇ ಇಷ್ಟು ಕಷ್ಟ. ಹಿಂದಿನ ಪಕ್ಕೇಲಿ ಬಿಳಿ ಮಚ್ಚೆ ಇದ್ರೆ ಮಾತ್ರ ಕರಿಗೊರಳ. ಆ ಮಚ್ಚೆ ನನ್ನ ಕಣ್ಣಿಗೆ ಬೀಳಲಿ, ನಾನೇ ಓಲ್ವೆನ್‌ಗೆ ಫೋನ್ ಮಾಡ್ತೀನಿ. ಗಡಿಯಾರ ಎಮ್ರಿಸ್ ಹೇಳಿದ್ದು ನಿಜ ಅಂತ ನನ್ನ ಬಾಯಿಂದಲೇ ಹೇಳ್ತೀನಿ. ಸರಿಯಾ?

ಓಲ್ವೆನ್‌ಗೆ ಹೇಳುವುದೆಂದರೆ ಊರಿಗೇ ಡಂಗುರ ಹೊಡೆದ ಹಾಗೆ. ಅಂಚೆಯೂ ಅಂಗಡಿಯೂ ಅವಳದೇ. ಗಡಿಯಾರ ಎಂಬ ಮಾತು ಗ್ವಿಲಿಮ್‌ನ ಬಾಯಲ್ಲಿ ಮತ್ತೆ ಕೇಳಿ ಎಮ್ರಿಸ್ ದುರ್ಬೀನು ಬಿಟ್ಟು ಎದ್ದು ಗ್ವಿಲಿಮ್‌ಗೆ ಜಾಗ ಕೊಟ್ಟ. ಮೇರ್ ಮೂವರಿಗೂ ಚಹಾ ಬಗ್ಗಿಸಿದಳು. ಗ್ವಿಲಿಮ್ ಒಂದು ಗುಟುಕು ಕುಡಿದ, ಆವಿ ಕನ್ನಡಕಕ್ಕೆ ಬಡಿಯಿತು. ಅವನು ಕೈಗವಸಿನಲ್ಲೇ ಒರೆಸಿ ಮತ್ತೆ ಬಗ್ಗಿದ. ಹೊರಗೆ ಬೆಳಕು ಇಳಿಯುತ್ತಿತ್ತು.

ಗ್ವಿಲಿಮ್: ನೀರು. ನೀರು. ಬಾತು. ನೀರು. ತಡಿ.

ಎಮ್ರಿಸ್: ಏನು?

ಗ್ವಿಲಿಮ್: ಉಸಿರು ಬಿಡಬೇಡ, ದುರ್ಬೀನು ಅಲ್ಲಾಡುತ್ತೆ. ಜೊಂಡಿನ ಮುಂದೆ. ಕೊರಳನ್ನ ಬೆನ್ನಿಗೆ ಸೇರಿಸ್ಕೊಂಡು ನಿದ್ದೆ ಮಾಡ್ತಾ ಇದೆ. ಬೆನ್ನು ಕಪ್ಪು. ತಿರುಗ್ತಾ ಇದೆ, ತಿರುಗ್ತಾ ಇದೆ. ಅಯ್ಯೋ ದೇವರೇ.

ಮೇರ್: ಏನಾಯ್ತು ಹೇಳೋ.

ಗ್ವಿಲಿಮ್: ಬಿಳಿ ಮಚ್ಚೆ. ಹಿಂದಿನ ಪಕ್ಕೇಲಿ, ನೀರಿಗೆ ತಾಗೋ ಹಾಗೆ. ಕರಿಗೊರಳ ಕಣೋ ಎಮ್ರಿಸ್. ಸಾಕ್ಷಾತ್ ಕರಿಗೊರಳ.

ಎಮ್ರಿಸ್ ಬೆಂಚಿನ ತುದಿಯಲ್ಲಿ ಕೂತ. ಅವನ ಕಣ್ಣು ತುಂಬಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಮೇರ್ ಬುಟ್ಟಿಯನ್ನೇ ಗ್ವಿಲಿಮ್‌ನ ತೊಡೆಯ ಮೇಲಿಟ್ಟಳು. ಗ್ವಿಲಿಮ್ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು ಬೆಂಚಿನ ಮೇಲೆ ಹತ್ತಿ ನಿಂತ, ಆ ಗೂಡಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಸೂರಿನ ಮೂಲೆಯಲ್ಲಿ ಮಾತ್ರ.

ಗ್ವಿಲಿಮ್: ಓಲ್ವೆನ್, ನಾನು, ಕಣ್ಣು ಗ್ವಿಲಿಮ್. ಕರಿಗೊರಳ ಮುಳುಗ ಬಂದಿದೆ. ಇಲ್ಲ ಇಲ್ಲ, ಅವನು ಹೇಳಿದ್ದಲ್ಲ, ನಾನೇ ಕಣ್ಣಾರೆ ನೋಡ್ದೆ. ಮೊದಲು ನೋಡಿದ್ದು ಅವನೇ ಅಂತ ಇಟ್ಕೋ, ಆದ್ರೆ ಗುರುತು ಹಿಡಿದಿದ್ದು ನಾನು. ಎಲ್ಲರನ್ನೂ ಕರ್ಕೊಂಡು ಬಾ. ಬೆಳಕು ಹೋಗುತ್ತೆ, ಬೇಗ.

ಮೇರ್: ಗುರುತು ಹಿಡಿದಿದ್ದು ಇವನಂತೆ.

ಎಮ್ರಿಸ್: ಹಿಡೀಲಿ ಬಿಡೆ. ಕಣ್ತುಂಬ ಒಂದು ಸಲ ನೋಡ್ತೀನಿ.

ಅವನು ದುರ್ಬೀನಿಗೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಆ ಒಂದು ಬದಿಯ ತಗ್ಗು, ಆ ಸೊಟ್ಟ ಹಿಡಿಕೆ, ಗಾಳಿಗೆ ಮೆಲ್ಲಗೆ ತಿರುಗುವ ಆ ಸೋಮಾರಿತನ, ಇದನ್ನೆಲ್ಲ ಎಮ್ರಿಸ್ ಒಂದು ವರ್ಷದಿಂದ ಕನಸಿನಲ್ಲಿ ನೋಡುತ್ತಿದ್ದ. ಅವನು ತಲೆಯೆತ್ತಿ ಹೆಂಡತಿಯ ಕಿವಿಯ ಹತ್ತಿರ ಬಾಯಿ ತಂದ.

ಎಮ್ರಿಸ್: ಮೇರ್, ಅದು ಡಬ್ಬ.

ಮೇರ್: ಏನು?

ಎಮ್ರಿಸ್: ಹೋದ ವರ್ಷದ ಡಬ್ಬ. ಜೊಂಡಿನಿಂದ ಈಚೆ ಬಂದಿದೆ.

ಮೇರ್: ಬಾಯಿ ಮುಚ್ಕೊಂಡಿರು.

ಎಮ್ರಿಸ್: ಊರೆಲ್ಲ ಬರ್ತಾ ಇದೆ.

ಮೇರ್: ಬರಲಿ. ಬಂದು ನೋಡಲಿ. ಕರೆದೋನು ನೀನಲ್ಲ, ಅವನು. ನಾಳೆಯಿಂದ ಅವನೇ ಡಬ್ಬ ಗ್ವಿಲಿಮ್. ಎಂಥಾ ಒಳ್ಳೆ ದಿನ. ಬಿಲ್ಲೆ ತಿನ್ನು.

ಎಮ್ರಿಸ್ ಬಿಲ್ಲೆ ಕೈಯಲ್ಲಿ ಹಿಡಿದುಕೊಂಡ, ತಿನ್ನಲಿಲ್ಲ. ಬೆಂಚಿನ ಮೇಲೆ ಗ್ವಿಲಿಮ್ ಸೂರಿಗೆ ತಲೆ ತಾಗಿಸಿಕೊಂಡು ಇನ್ನೊಬ್ಬರಿಗೆ ಫೋನ್ ಮಾಡುತ್ತಿದ್ದ. ಆ ಹೆಸರು ಬೆಳಗಿನ ಹೊತ್ತು ಬ್ರೆಡ್ ತರಲು ಹೋದಾಗ ಹೇಗೆ ಚುಚ್ಚುತ್ತದೆಂದು ಎಮ್ರಿಸ್‌ಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವನು ಗಡಿಯಾರದವನು. ಮುಳ್ಳನ್ನು ಬೆರಳಿನಿಂದ ತಿರುಗಿಸಿ, ಸರಿಹೋಯಿತು ಎಂದು ಯಾರಿಗೂ ಹೇಳಿದವನಲ್ಲ.

ಎಮ್ರಿಸ್: ಗ್ವಿಲಿಮ್, ಕೆಳಗೆ ಇಳಿ. ಅದು ಡಬ್ಬ.

ಗ್ವಿಲಿಮ್: ಯಾವುದು?

ಎಮ್ರಿಸ್: ನೀನು ನೋಡಿದ್ದು.

ಗ್ವಿಲಿಮ್: ಓಹೋ. ಈಗ ಅರ್ಥ ಆಯ್ತು. ನಾನು ಗುರುತು ಹಿಡಿದೆ ಅಂದ ತಕ್ಷಣ ಡಬ್ಬ ಆಯ್ತಾ? ಮಧ್ಯಾಹ್ನದಿಂದ ಹಕ್ಕಿ ಹಕ್ಕಿ ಅಂತ ಬಡ್ಕೊಂಡೋನು ಯಾರು?

ಎಮ್ರಿಸ್: ಆಗ ಹಕ್ಕಿ. ಈಗ ಡಬ್ಬ.

ಗ್ವಿಲಿಮ್: ಇಷ್ಟು ಹೊಟ್ಟೆಕಿಚ್ಚು ಒಳ್ಳೇದಲ್ಲ ಕಣೋ. ನಾನು ಓಲ್ವೆನ್ ಹತ್ರ ನಿನ್ನ ಹೆಸರೂ ಹೇಳಿದೀನಿ.

ಎಮ್ರಿಸ್: ನನ್ನ ಮಾತು ಕೇಳೋ. ಮಧ್ಯಾಹ್ನ ಹಕ್ಕಿ ಅಂದೆ, ನಂಬಲಿಲ್ಲ. ಈಗ ಡಬ್ಬ ಅಂತೀನಿ, ಇದನ್ನಾದ್ರೂ ನಂಬು.

ಗ್ವಿಲಿಮ್: ಹೋದ ವರ್ಷದ ಡಬ್ಬಕ್ಕೆ ಬಿಳಿ ಮಚ್ಚೆ ಇರಲಿಲ್ಲ. ಇದಕ್ಕಿದೆ. ಅಂದ್ಮೇಲೆ ಇದು ಡಬ್ಬ ಹೆಂಗಾಗುತ್ತೆ?

ಎಮ್ರಿಸ್: ಹೋದ ವರ್ಷ ಆ ಕಡೆ ತಿರುಗಿತ್ತು.

ಗ್ವಿಲಿಮ್: ಡಬ್ಬಕ್ಕೆ ಈ ಕಡೆ ಆ ಕಡೆ ಅಂತ ಇರುತ್ತಾ?

ಇವರಿಬ್ಬರ ನಡುವೆ ನುಗ್ಗಿ ಮೇರ್ ತಾನೇ ದುರ್ಬೀನಿಗೆ ಕಣ್ಣಿಟ್ಟಳು. ಗಂಡ ಕೈಗೆ ಬಂದದ್ದನ್ನು ಹಾಳು ಮಾಡುತ್ತಿದ್ದಾನೆಂದು ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ನೋಡುತ್ತಾ ನೋಡುತ್ತಾ ಅವಳ ಬಾಯಿ ಮೆಲ್ಲಗೆ ಅಗಲವಾಯಿತು.

ಮೇರ್: ಈ ಹಕ್ಕಿ ಮೈಮೇಲೆ ಅಕ್ಷರ ಇದೆಯಲ್ಲ.

ಗ್ವಿಲಿಮ್: ಅಕ್ಷರಾನಾ?

ಮೇರ್: ಆ ಬಿಳಿ ಮಚ್ಚೆ ಇದೆ ನೋಡು, ಅದೇ ಅಕ್ಷರ.

ಗ್ವಿಲಿಮ್: ಪಟ್ಟಿ. ಎಮ್ರಿಸ್, ಪಟ್ಟಿ ಕಟ್ಟಿದ ಹಕ್ಕಿ ಕಣೋ. ನಮ್ಮ ಕೆಂಪು ಗಿಡುಗಗಳಿಗೆ ರೆಕ್ಕೆ ಮೇಲೆ ಕಟ್ತಾರಲ್ಲ, ಹಾಗೆ. ಯಾವುದೋ ದೂರದ ದೇಶದಲ್ಲಿ ಹಿಡಿದು, ಗುರುತು ಹಾಕಿ ಬಿಟ್ಟಿದ್ದಾರೆ. ಅಲ್ಲಾಡಬೇಡ ಮೇರ್. ಓದು. ಒಂದೊಂದೇ ಅಕ್ಷರ ಓದು.

ಮೇರ್: ಜಿ.

ಗ್ವಿಲಿಮ್: ಜಿ. ಗ್ರೀನ್‌ಲ್ಯಾಂಡ್ ಇರಬಹುದು. ಆಮೇಲೆ?

ಮೇರ್: ಪಿ.

ಗ್ವಿಲಿಮ್: ಜಿ.ಪಿ. ಜಿ.ಪಿ. ಎಲ್ಲೋ ನೋಡಿದೀನಲ್ಲ. ಎಮ್ರಿಸ್, ಜಿ.ಪಿ. ಅಂದ್ರೆ ಯಾವ ದೇಶ?

ಎಮ್ರಿಸ್ ಕೈಗವಸನ್ನು ಬಾಯಿಗೆ ಒತ್ತಿಕೊಂಡ. ಹೇಳುವ ಆಸೆ ಇರಲಿಲ್ಲವೆಂದಲ್ಲ, ನಗು ಬಿಡಲಿಲ್ಲ.

ಮೇರ್: ಹತ್ತಿರದ ದೇಶಾನೇ. ಈ ಗುಡ್ಡ ಇಳಿದು, ಗೇಟು ದಾಟಿದ್ರೆ ಸಿಗುತ್ತೆ. ಗೇಟಿನ ಮೇಲೂ ಇದೇ ಅಕ್ಷರ ಇದೆ, ಕುರಿ ಬೆನ್ನ ಮೇಲೂ ಇದೆ. ಗ್ವಿಲಿಮ್ ಪ್ಯಾರಿ.

ಗ್ವಿಲಿಮ್ ಬೆಂಚಿನಿಂದ ಇಳಿದು ಬಂದು ಬಗ್ಗಿ ನೋಡಿದ. ತನ್ನದೇ ಕುಂಚದ ಅಕ್ಷರ, ಪಿ ಅಕ್ಷರದ ಹೊಟ್ಟೆ ಯಾವಾಗಲೂ ಸ್ವಲ್ಪ ದೊಡ್ಡದಾಗುತ್ತಿತ್ತು. ಕುರಿಗಳಿಗೆ ಹುಳದ ಔಷಧಿ ತಂದ ಡಬ್ಬ. ತೊಳೆಯಲು ತೊರೆಯ ಹತ್ತಿರ ಇಟ್ಟಿದ್ದ, ನೆರೆ ಬಂದಾಗ ಕಾಣೆಯಾಗಿತ್ತು. ಯಾರೋ ಕದ್ದರೆಂದು ಅಂಗಡಿಯಲ್ಲಿ ನಿಂತು ಬೈದದ್ದೂ ನೆನಪಾಯಿತು.

ಗ್ವಿಲಿಮ್: ಎಷ್ಟು ಜನಕ್ಕೆ ಫೋನ್ ಮಾಡ್ದೆ ನಾನು?

ಮೇರ್: ಓಲ್ವೆನ್‌ಗೆ ಮಾಡ್ದೆ. ಉಳಿದವರನ್ನ ಲೆಕ್ಕ ಹಾಕೋದು ಬೇಡ.

ಗ್ವಿಲಿಮ್: ಎಮ್ರಿಸ್, ನೋಡು, ಆ ಹಕ್ಕಿ ಕರಿಗೊರಳ ಅಂತ ಹೇಳಿಬಿಡ್ತೀನಿ. ನೋಡ್ದೆ ಅಂತಾನೇ ಹೇಳ್ತೀನಿ. ಆಣೆ ಹಾಕು ಅಂದ್ರೆ ಹಾಕ್ತೀನಿ. ಡಬ್ಬದ ವಿಷಯ ಮಾತ್ರ ನೀನು...

ಎಮ್ರಿಸ್: ಬೇಡ.

ಗ್ವಿಲಿಮ್: ಯಾಕೋ? ಇಡೀ ದಿನ ಅದನ್ನೇ ಅಲ್ವಾ ಕೇಳಿದ್ದು?

ಎಮ್ರಿಸ್: ನೋಡು ಅಂತ ಕೇಳಿದ್ದು. ನೋಡ್ದೆ ಅನ್ನು ಅಂತ ಅಲ್ಲ. ಅಲ್ಲಿ, ಗೋಪುರದ ಎಡಕ್ಕೆ. ಈಗ ಎದ್ದಿದೆ. ಕನ್ನಡಕ ಒರೆಸಬೇಡ, ಹಾಗೇ ಬಗ್ಗು.

ಅಣೆಕಟ್ಟಿನ ಕಲ್ಲಿನ ಗೋಪುರದ ಪಕ್ಕದಲ್ಲಿ, ಕೊನೆಯ ಬೆಳಕಿನಲ್ಲಿ, ಒಂದು ಹಕ್ಕಿ ನೀರ ಮೇಲೆ ತಗ್ಗಾಗಿ ಕೂತಿತ್ತು. ಈ ಸಲ ಅದಕ್ಕೆ ಯಾವ ಅವಸರವೂ ಇರಲಿಲ್ಲ. ಒಮ್ಮೆ ಎಡಕ್ಕೆ ತಿರುಗಿತು, ಒಮ್ಮೆ ಬಲಕ್ಕೆ. ತೆಳುವಾದ ಕೊಕ್ಕು, ನುಣುಪಾದ ಹಣೆ. ಗ್ವಿಲಿಮ್ ದುರ್ಬೀನಿನಿಂದ ಕಣ್ಣು ತೆಗೆಯದೆ ಎಮ್ರಿಸ್‌ನ ತೋಳು ಹಿಡಿದುಕೊಂಡ.

ಗ್ವಿಲಿಮ್: ಇದೆ ಕಣೋ. ಮಚ್ಚೆ ಇದೆ. ಎಷ್ಟು ಚೆನ್ನಾಗಿದೆ.

ಎಮ್ರಿಸ್: ಇಷ್ಟು ಸಾಕು.

ಅಷ್ಟರಲ್ಲಿ ಅಂಚೆ ವ್ಯಾನಿನ ದೀಪ ದಂಡೆಯ ಮೇಲೆ ಬಂದು ನಿಂತಿತು. ಹಿಂದೆ ಇನ್ನೆರಡು ಕಾರು. ಗೂಡಿನ ತನಕ ನಡೆದು ಬರುತ್ತಲೇ ಎಲ್ಲರೂ ಬೈನಾಕ್ಯುಲರ್ ಏರಿಸಿದ್ದರು. ಜೊಂಡಿನ ಹತ್ತಿರದ್ದು ಅವರ ಕಣ್ಣಿಗೆ ಮೊದಲು ಬಿತ್ತು. ಬಾಗಿಲಲ್ಲಿ ಓಲ್ವೆನ್‌ಳ ಕೆಂಪು ಮೂಗು ಕಾಣಿಸಿತು.

ಓಲ್ವೆನ್: ಮತ್ತೆ ಡಬ್ಬಾನಾ ಎಮ್ರಿಸ್? ಈ ಸಲ ಪಾಪ ಗ್ವಿಲಿಮ್‌ಗೂ ಮೋಸ ಮಾಡ್ದೆಯಾ? ಒಲೆ ಮೇಲೆ ಸಾರು ಬಿಟ್ಟು ಬಂದಿದೀನಿ ನಾನು.

ಹಿಂದಿನವರು ನಗತೊಡಗಿದರು. ಎಮ್ರಿಸ್ ಗೆಳೆಯನ ಮುಖ ನೋಡಿದ. ಅಲ್ಲಿ ರಕ್ತವೇ ಇರಲಿಲ್ಲ. ಒಂದು ವರ್ಷ ಹೊತ್ತದ್ದು, ಹೆಗಲಿಗೆ ಅಭ್ಯಾಸವಾಗಿದೆ, ಇನ್ನೊಂದು ವರ್ಷ ಹೊತ್ತರಾಯಿತು ಎಂದುಕೊಂಡು ಅವನು ಬಾಯಿ ತೆರೆದ. ಮೇರ್ ಅವನ ಕಾಲು ತುಳಿದಳು.

ಎಮ್ರಿಸ್: ಹೌದು ಓಲ್ವೆನ್, ಆ ಡಬ್ಬ...

ಗ್ವಿಲಿಮ್: ನನ್ನದು.

ಓಲ್ವೆನ್: ಏನಂದೆ?

ಗ್ವಿಲಿಮ್: ಡಬ್ಬ ನನ್ನದು. ಮೇಲೆ ಹೆಸರೂ ಬರೆದಿದೆ, ಬೇಕಾದ್ರೆ ಓದ್ಕೋ. ಹೋದ ವರ್ಷದ್ದೂ ನನ್ನದೇ. ಹಕ್ಕಿ ಮಾತ್ರ ಇವನದು. ಗೋಪುರದ ಎಡಕ್ಕೆ ನೋಡಿ, ಬೇಗ ನೋಡಿ, ಮುಳುಗೋಕೆ ಮುಂಚೆ. ಗಡಿಯಾರ ಎಮ್ರಿಸ್‌ನ ಕರಿಗೊರಳ.

ಒಬ್ಬೊಬ್ಬರಾಗಿ ಬಗ್ಗಿ ನೋಡಿದರು, ಒಬ್ಬೊಬ್ಬರಾಗಿ ಎಮ್ರಿಸ್‌ನ ಕೈ ಕುಲುಕಿದರು. ಹಕ್ಕಿ ಎಲ್ಲರಿಗೂ ಮಚ್ಚೆ ತೋರಿಸಿಯೇ ಮುಳುಗಿತು. ಓಲ್ವೆನ್ ಮಾತ್ರ ಇನ್ನೂ ಜೊಂಡಿನ ಕಡೆ ನೋಡುತ್ತಿದ್ದಳು. ಅವಳ ತುಟಿ ಆಗಲೇ ಏನನ್ನೋ ಅಭ್ಯಾಸ ಮಾಡುತ್ತಿತ್ತು.

ಓಲ್ವೆನ್: ಡಬ್ಬ ಗ್ವಿಲಿಮ್. ಚೆನ್ನಾಗಿ ಕೂರುತ್ತೆ.

ಗ್ವಿಲಿಮ್: ಇಡು, ಇಡು. ನನಗೇನಂತೆ. ಗಂಡಸು ತಡ್ಕೋತೀನಿ.

ಮೇರ್: ನೀನು ತಡ್ಕೋತೀಯ. ಕೇಕ್ ಸ್ಪರ್ಧೇಲಿ ಪ್ರತಿ ವರ್ಷ ಬಹುಮಾನ ಗೆದ್ದು, ಕೇಕ್ ಬ್ರಾನ್ವೆನ್ ಅನ್ನಿಸ್ಕೊಂಡು ಬೀಗ್ತಾಳಲ್ಲ ನಿನ್ನ ಹೆಂಡತಿ, ನಾಳೆಯಿಂದ ಡಬ್ಬ ಬ್ರಾನ್ವೆನ್ ಅಂತ ಅವಳಿಗೆ ಯಾರು ಹೇಳ್ತಾರೆ?

ಗ್ವಿಲಿಮ್‌ನ ಕೈಯಲ್ಲಿದ್ದ ಬಿಲ್ಲೆ ಬುಟ್ಟಿಗೆ ವಾಪಸು ಬಿತ್ತು. ಅವನು ಗೂಡಿನ ಗೋಡೆ, ಸೂರು, ಕಿಟಕಿಯ ಸಂದಿನಿಂದ ನುಗ್ಗುವ ಗಾಳಿ, ಎಲ್ಲವನ್ನೂ ಒಮ್ಮೆ ಅಳೆದು ನೋಡಿ, ಬೆಂಚಿನ ಮೇಲೆ ಕೈಯಾಡಿಸಿದ.

ಗ್ವಿಲಿಮ್: ಎಮ್ರಿಸ್, ಈ ಬೆಂಚಿನ ಮೇಲೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಾ?

ಎಮ್ರಿಸ್: ಮಲಗಬಹುದು. ಫ್ಲಾಸ್ಕು ಇಟ್ಕೋ.